ಅನ್ಯನೆಲದ ಕಳೆ ಮತ್ತು ನಮ್ಮ ಕೆರೆಗಳು: ಕಡಲ ದಿಬ್ಬಗಳಿಂದ ಕಲಿಯುವ ಪಾಠ

(ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲೂಕುಗಳ ಗ್ರಾಮ ಪಂಚಾಯತಿ ಸದಸ್ಯರು, ಸಿಬ್ಬಂದಿ, ಶಿಕ್ಷಕರು ಮತ್ತು ಸ್ವಸಹಾಯ ಸಂಘಗಳ ಅಧ್ಯಯನಕ್ಕಾಗಿ)

ಪೀಠಿಕೆ

ಕಡಲಿಲ್ಲದ ನಮ್ಮ ಜಿಲ್ಲೆಗೆ ಕಡಲಕಳೆಯ ಪಾಠವೇಕೆ ಎಂಬ ಪ್ರಶ್ನೆ ಸಹಜ. ಆದರೆ ಹೊರನೆಲದ ಸಸ್ಯವೊಂದು ನೀರಿನ ನೆಲೆಯನ್ನು ಆಕ್ರಮಿಸುವ ಬಗೆ ಕಡಲಲ್ಲಿಯೂ ಕೆರೆಯಲ್ಲಿಯೂ ಬಹುಮಟ್ಟಿಗೆ ಒಂದೇ. ಕೃಷ್ಣೆಯ ನೀರನ್ನು ಅಪಾರ ವೆಚ್ಚದಿಂದ ಎತ್ತಿ, ಕಾಲುವೆಗಳಲ್ಲಿ ಹರಿಸಿ ನಮ್ಮ ಕೆರೆಗಳನ್ನು ತುಂಬಿಸಲಾಗುತ್ತಿದೆ. ಆ ನೀರನ್ನು ಕಳೆಯ ಪಾಲಾಗದಂತೆ ಉಳಿಸಿಕೊಳ್ಳುವ ಹೊಣೆ ಆಯಾ ಗ್ರಾಮದವರದು. ಅದಕ್ಕೆ ಅಗತ್ಯವಾದ ತಿಳಿವಳಿಕೆಯನ್ನು ನೀಡುವುದು ಈ ಪಾಠದ ಉದ್ದೇಶ.

1. ಬಸವನಹುಳು ಕಟ್ಟಿದ ದಿಬ್ಬ

ಮೆಡಿಟರೇನಿಯನ್ ಸಮುದ್ರದ ಬಂಡೆದಂಡೆಗಳಲ್ಲಿ ಒಂದು ಜಾತಿಯ ಕಡಲ ಬಸವನಹುಳುಗಳಿವೆ. ಇವು ನಮ್ಮ ಹೊಲದ ಹುಳುವಿನಂತೆ ತೆವಳುತ್ತ ತಿರುಗುವುದಿಲ್ಲ. ಕೊಳವೆಯಾಕಾರದ ಚಿಪ್ಪನ್ನು ಬಂಡೆಗೆ ಅಂಟಿಸಿಕೊಂಡು ಜೀವಮಾನವಿಡೀ ಅಲ್ಲಿಯೇ ನೆಲೆಸುತ್ತವೆ. ಅಸಂಖ್ಯ ಚಿಪ್ಪುಗಳು ಒಂದಕ್ಕೊಂದು ಬೆಸೆದು ಅಲೆಗಳ ಮಟ್ಟದಲ್ಲಿ ಗಟ್ಟಿಯಾದ ದಿಬ್ಬವಾಗುತ್ತದೆ. ಏಡಿ, ಮೀನು ಮುಂತಾದ ಜೀವಿಗಳಿಗೆ ಅದೇ ಆಸರೆ. ದಂಡೆಗೆ ಅದೇ ಕಾವಲು.

1869ರಲ್ಲಿ ಸೂಯೆಜ್ ಕಾಲುವೆ ತೆರೆದ ಬಳಿಕ ಕೆಂಪು ಸಮುದ್ರದ ಅನೇಕ ಜೀವಿಗಳು ಮೆಡಿಟರೇನಿಯನ್ ಸಮುದ್ರವನ್ನು ಹೊಕ್ಕವು. ಹಡಗುಗಳ ಮೂಲಕವೂ ದೂರದ ಸಮುದ್ರಗಳ ಪಾಚಿಗಳು ಬಂದವು. ಎಳೆಯ ಬಸವನಹುಳು ನೆಲೆಯೂರಲು ಬರಿಯ ಬಂಡೆ ಬೇಕು. ಹೊರಗಿನ ಪಾಚಿ ಅದನ್ನು ಹಾಸಿಗೆಯಂತೆ ಮುಚ್ಚಿದರೆ ಹೊಸ ಪೀಳಿಗೆಗೆ ಜಾಗವಿಲ್ಲ. ಸಮುದ್ರದ ನೀರು ಬೆಚ್ಚಗಾಗುತ್ತಿರುವ ಕಷ್ಟದೊಂದಿಗೆ ಇದೂ ಸೇರಿದೆ. ಮೆಡಿಟರೇನಿಯನ್ನಿನ ಪೂರ್ವದಂಡೆಯಲ್ಲಿ ಇಂತಹ ಅನೇಕ ದಿಬ್ಬಗಳು ಜೀವ ಕಳೆದುಕೊಂಡಿವೆ.

2. ನಮ್ಮ ದೇಶದ ನಿದರ್ಶನ

ತಮಿಳುನಾಡಿನ ಮನ್ನಾರ್ ಕೊಲ್ಲಿಯ ತೀರದಲ್ಲಿ ಕಪ್ಪಾಫೈಕಸ್ ಎಂಬ ಕಡಲಕಳೆಯನ್ನು ಆದಾಯಕ್ಕಾಗಿ ಬೆಳೆಸಲಾಯಿತು. ಇದರ ಮೂಲ ಫಿಲಿಪೈನ್ಸ್ ಕಡೆಯದು. ಆಹಾರೋದ್ಯಮದಲ್ಲಿ ಬಳಸುವ ಅಂಟುಪದಾರ್ಥವನ್ನು ಇದರಿಂದ ತೆಗೆಯುತ್ತಾರೆ. ಮೀನುಗಾರ ಮಹಿಳೆಯರಿಗೆ ಇದರಿಂದ ದುಡಿಮೆಯೂ ದೊರೆಯಿತು. ಆದರೆ ಕುರುಸಡೈ ದ್ವೀಪದ ಹವಳಗಳ ಮೇಲೆ ಇದು ಹಬ್ಬಿರುವುದನ್ನು 2008ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಕೈಯಿಂದ ಕಿತ್ತರೂ ಉಳಿದ ತುಣುಕುಗಳಿಂದ ಅದು ಮತ್ತೆ ಚಿಗುರುತ್ತದೆ. ಲಾಭಕ್ಕೆಂದು ತಂದುದನ್ನು ಹಿಂದಕ್ಕೆ ಕಳುಹಿಸುವುದು ಸುಲಭವಲ್ಲ ಎಂಬುದೇ ಇಲ್ಲಿಯ ಪಾಠ.

3. ನಮ್ಮ ನೀರಿನಲ್ಲಿ ಅದೇ ಕಥೆ

ನಮ್ಮಲ್ಲಿ ಇದೇ ಕೆಲಸವನ್ನು ಮಾಡುವುದು ನೇರಳೆ ಹೂವಿನ ತೇಲುವ ಜಲಕಳೆ. ಹಲವರು ಇದನ್ನು ಅಂತರಗಂಗೆ ಎನ್ನುತ್ತಾರೆ. ಮಹಾರಾಷ್ಟ್ರದಲ್ಲಿ ಇದು ಜಲಪರ್ಣಿ. ತವರು ದಕ್ಷಿಣ ಅಮೆರಿಕ. ಹೂವಿನ ಅಂದಕ್ಕೆ ಮರುಳಾಗಿ ಜನರೇ ಇದನ್ನು ದೇಶದಿಂದ ದೇಶಕ್ಕೆ ಒಯ್ದರು.

ಪುಣೆಯ ನದಿಗಳಲ್ಲಿ ಈ ಕಳೆ ಹೇರಳ. ಆ ನದಿಗಳು ಭೀಮೆಯನ್ನು ಸೇರುತ್ತವೆ. ಭೀಮೆಯು ಉಜನಿ ಜಲಾಶಯವನ್ನು ದಾಟಿ ಇಂಡಿ, ಸಿಂದಗಿ ಭಾಗಕ್ಕೆ ಬರುತ್ತದೆ. ಕೊಲ್ಹಾಪುರದ ಪಂಚಗಂಗೆಯಲ್ಲಿಯೂ ಇದೇ ಕಳೆಯಿದೆ. ಆ ನದಿ ನರಸೋಬವಾಡಿಯಲ್ಲಿ ಕೃಷ್ಣೆಗೆ ಸೇರುತ್ತದೆ. ಕೃಷ್ಣೆಯು ಆಲಮಟ್ಟಿ, ನಾರಾಯಣಪುರ ಜಲಾಶಯಗಳನ್ನು ತುಂಬುತ್ತದೆ. ಅಲ್ಲಿಂದ ಏತ ನೀರಾವರಿ ಮತ್ತು ಕಾಲುವೆಗಳ ಮೂಲಕ ನಮ್ಮ ಕೆರೆಗಳಿಗೆ ನೀರು ಬರುತ್ತದೆ. ಸೂಯೆಜ್ ಕಾಲುವೆ ಕಡಲಿಗೆ ಮಾಡಿದುದನ್ನು ನಮ್ಮ ಕಾಲುವೆಗಳು ಕೆರೆಗಳಿಗೆ ಮಾಡಬಲ್ಲವು.

4. ಹಾನಿಯ ಬಗೆ

• ಅನುಕೂಲ ಸಿಕ್ಕರೆ ಈ ಕಳೆ ಸುಮಾರು ಎರಡು ವಾರಗಳಲ್ಲಿ ಇಮ್ಮಡಿಯಾಗುತ್ತದೆ. ಚರಂಡಿ ನೀರು ಮತ್ತು ಹೊಲದಿಂದ ಹರಿದು ಬರುವ ಗೊಬ್ಬರ ಇದರ ಆಹಾರ.
• ನೀರಿನ ಮೇಲ್ಮೈ ಮುಚ್ಚುವುದರಿಂದ ಬೆಳಕು, ಗಾಳಿ ಒಳಗಿಳಿಯುವುದಿಲ್ಲ. ಮೀನು, ಕಪ್ಪೆಚಿಪ್ಪುಗಳಿಗೆ ಉಸಿರು ಸಾಲದು.
• ಎಲೆಗಳ ಮೂಲಕ ಹೆಚ್ಚು ನೀರು ಆವಿಯಾಗುತ್ತದೆ. ಬರಪೀಡಿತ ಜಿಲ್ಲೆಗೆ ಇದು ಸಣ್ಣ ನಷ್ಟವಲ್ಲ.
• ಬೇರಿನ ಜಡೆಗಳಲ್ಲಿ ಸಿಹಿನೀರಿನ ಬಸವನಹುಳುಗಳು ಆಶ್ರಯ ಪಡೆಯುತ್ತವೆ. ಅವುಗಳಲ್ಲಿ ಕೆಲವು ಜಾತಿಗಳು ದನಕರು, ಕುರಿಗಳ ಯಕೃತ್ತಿನ ಚಪ್ಪಟೆ ಹುಳುವಿಗೆ ಮಧ್ಯವರ್ತಿಗಳು. ಸೆಗಣಿಯೊಡನೆ ಬಂದ ಮೊಟ್ಟೆ ನೀರಿನಲ್ಲಿ ಒಡೆದು, ಮರಿಯು ಬಸವನಹುಳುವಿನೊಳಗೆ ಬೆಳೆದು, ಹೊರಬಂದು ದಡದ ಹುಲ್ಲಿಗೆ ಅಂಟಿಕೊಳ್ಳುತ್ತದೆ. ಅದನ್ನು ಮೇಯ್ದ ಜಾನುವಾರು ಸೊರಗುತ್ತದೆ; ಗದ್ದದ ಕೆಳಗೆ ಬಾವು ಬರುತ್ತದೆ.

ಕಡಲಲ್ಲಿ ಕಳೆಯು ಬಸವನಹುಳುವಿನ ಮನೆಯನ್ನು ಕಿತ್ತುಕೊಂಡಿತು. ಕೆರೆಯಲ್ಲಿ ರೋಗ ಹರಡುವ ಬಸವನಹುಳುವಿಗೆ ಮನೆ ಕೊಡುತ್ತದೆ. ಎರಡೂ ಕಡೆ ಕೆಟ್ಟದ್ದು ನೆಲೆಯ ಸಮತೋಲನವೇ.

5. ಕೈಗೊಳ್ಳಬೇಕಾದ ಕ್ರಮಗಳು

ಅ) ಕೆರೆಗೆ ನೀರು ಬಿಡುವ ಮುನ್ನ ಒಳಹರಿವಿನ ಬಾಯಿಗೆ ಜಾಲರಿ ಕಟ್ಟಿ, ಸಿಕ್ಕ ಕಳೆಯನ್ನು ಪ್ರತಿದಿನ ತೆಗೆಯುವುದು.
ಆ) ಹತ್ತು ಗಿಡ ಕಂಡಾಗಲೇ ಕೀಳುವುದು. ಹೂ ಬಿಡುವ ಮುನ್ನವೇ ತೆಗೆಯಬೇಕು. ಇದರ ಬೀಜ ಕೆಸರಿನಲ್ಲಿ ಹಲವು ವರ್ಷ ಜೀವ ಹಿಡಿದಿರುತ್ತದೆ.
ಇ) ಕಿತ್ತ ಕಳೆಯನ್ನು ದಡದಲ್ಲಿ ಬಿಡದೆ, ನೀರು ತಲುಪದ ಕಡೆ ಒಣಗಿಸಿ ಕಾಂಪೋಸ್ಟ್ ಗುಂಡಿಗೆ ಹಾಕುವುದು.
ಈ) ಚರಂಡಿ ನೀರು ನೇರವಾಗಿ ಕೆರೆ ಸೇರದಂತೆ ತಡೆಯುವುದು. ಆಹಾರ ನಿಲ್ಲದೆ ಕಳೆ ನಿಲ್ಲದು.
ಉ) ಜನ, ದನ ಕುಡಿಯುವ ನೀರಿಗೆ ಕಳೆನಾಶಕ ಸುರಿಯಬಾರದು.
ಊ) ಇದನ್ನು ತಿನ್ನುವ ಮೂತಿಹುಳುಗಳನ್ನು 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಲ್ಲಿ ವಿಜ್ಞಾನಿಗಳು ಬಿಟ್ಟಿದ್ದರು. ಇಂತಹ ಕ್ರಮವನ್ನು ತಜ್ಞರ ಸಲಹೆಯಿಲ್ಲದೆ ಕೈಗೊಳ್ಳತಕ್ಕದ್ದಲ್ಲ.
ಋ) ಜೀವವೈವಿಧ್ಯ ಅಧಿನಿಯಮ, 2002ರ ಅನ್ವಯ ರಚಿತವಾಗುವ ಗ್ರಾಮದ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಕೆರೆಯ ಮೀನು, ಚಿಪ್ಪು, ಸಸ್ಯಗಳನ್ನು ದಾಖಲೆಯಲ್ಲಿ ಬರೆದಿಡುವುದು. ಇದ್ದುದು ಏನೆಂದು ತಿಳಿದರೆ ಮಾತ್ರ ಹೋದುದು ಏನೆಂದು ತಿಳಿಯುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಕೆರೆಗೆ ನೀರು ಯಾವ ದಾರಿಯಿಂದ ಬರುತ್ತದೆ? ಕಳೆ ಎಲ್ಲಿ ಮೊದಲು ಕಾಣಿಸಿತು?
2. ಕೆರೆಯ ದಡದಲ್ಲಿ ಮೇಯುವ ಜಾನುವಾರುಗಳಿಗೆ ಜಂತುನಾಶಕ ಕೊನೆಯ ಸಲ ಯಾವಾಗ ಹಾಕಿಸಲಾಗಿದೆ?
3. ಹಿರಿಯರು ಬಾಲ್ಯದಲ್ಲಿ ಕಂಡ ಯಾವ ಜಲಚರಗಳು ಇಂದು ಕಾಣುತ್ತಿಲ್ಲ?

ಈ ಪ್ರಶ್ನೆಗಳನ್ನು ಮುಂದಿನ ಗ್ರಾಮಸಭೆಯಲ್ಲಿ ಚರ್ಚಿಸಿ, ಉತ್ತರಗಳನ್ನು ನಡಾವಳಿಯಲ್ಲಿ ದಾಖಲಿಸುವುದು. ಹತ್ತು ಗಿಡಗಳನ್ನು ಇಂದು ಕೀಳಲು ಇಬ್ಬರು ಸಾಕು. ಕೆರೆ ಮುಚ್ಚಿದ ಮೇಲೆ ಊರೆಲ್ಲ ಇಳಿದರೂ ಸಾಲದು.