ಬಾಗಿಲ ಮೇಲಿನ ‘ನಾಳೆ ಬಾ’

ಈ ತಿಂಗಳ ಅಧ್ಯಯನ ಪಾಠ
ಮೊದಲು ಓದಿಕೊಳ್ಳಿ: ಮತ್ತಾಯ 21:28-32, ಪ್ರೇಷಿತರ ಕಾರ್ಯಕಲಾಪಗಳು 24:24-27



ಒಂದು ಕಾಲದಲ್ಲಿ ನಮ್ಮ ಕಡೆಯ ಊರುಗಳಲ್ಲಿ ಮನೆಬಾಗಿಲ ಮೇಲೆ ಸೀಮೆಸುಣ್ಣದಿಂದ ‘ನಾಳೆ ಬಾ’ ಎಂದು ಬರೆದಿರುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ, ಬರಹ ಓದಿ ಹಿಂದಿರುಗುತ್ತದೆ, ಮರುದಿನ ಬಂದರೂ ಅದೇ ಬರಹ. ಹೀಗೆ ಅದು ಎಂದೂ ಒಳಗೆ ಬರುವುದಿಲ್ಲ ಎಂದು ಜನ ನಂಬಿದ್ದರು. ಆ ನಂಬಿಕೆ ನಮ್ಮದಲ್ಲ. ಆದರೆ ಆ ಉಪಾಯ ಮಾತ್ರ ನಮ್ಮಲ್ಲಿ ಚೆನ್ನಾಗಿ ಬೇರೂರಿದೆ. ದೇವರು ತೋರಿಸಿದ ಒಂದು ಒಳ್ಳೆಯ ಕೆಲಸ ಬಂದು ಬಾಗಿಲು ತಟ್ಟಿದಾಗ ನಾವು ‘ಆಗುವುದಿಲ್ಲ’ ಎನ್ನುವುದಿಲ್ಲ, ‘ನಾಳೆ ಬಾ’ ಎನ್ನುತ್ತೇವೆ.

ಬೇರೆಯವರ ತಪ್ಪು ಎತ್ತಿ ತೋರಿಸುವ ಮೊದಲು ನನ್ನದನ್ನು ಹೇಳಿಬಿಡುತ್ತೇನೆ. ನಾನು ಉಪದೇಶಿ. ನಮ್ಮ ಗಡಿಯ ಊರುಗಳಲ್ಲಿ ಮನೆಮಾತು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡದಲ್ಲಿ ಪ್ರಾರ್ಥಿಸುವ ಅನೇಕರಿಗೆ ಕನ್ನಡ ಓದಲು ಬರುವುದಿಲ್ಲ. ನಾಲ್ಕು ವರ್ಷಗಳ ಹಿಂದೆ ನಮ್ಮ ಅನ್ಬಿಯಂ ಕೂಟದ ಒಬ್ಬ ಅಕ್ಕ ನನ್ನನ್ನು ಕೇಳಿದರು: “ತಮ್ಮಾ, ಜಪಸರ ನಾನೇ ನಡೆಸ್ತೀನಿ, ಹಾಡೂ ನಾನೇ ಎತ್ತಿಕೊಡ್ತೀನಿ. ಪುಸ್ತಕ ಕೈಗೆ ಬಂದ್ರೆ ಮಾತ್ರ ಪಕ್ಕದವರಿಗೆ ದಾಟಿಸ್ಬೇಕು. ನನಗೂ ಓದೋದು ಹೇಳಿಕೊಡ್ತೀಯಾ?”

“ಆಗಲಿ ಅಕ್ಕ, ಈಸ್ಟರ್ ಮುಗೀಲಿ” ಎಂದೆ. ಈಸ್ಟರ್ ಮುಗಿಯಿತು. ಹೊಸ ಪರಮಪ್ರಸಾದದ ಮಕ್ಕಳ ತರಬೇತಿ ಬಂತು. ಆಮೇಲೆ ಸೆಪ್ಟೆಂಬರ್ 8ರ ಮಾತೆಯ ಹಬ್ಬ, ಆಮೇಲೆ ಕ್ರಿಸ್ಮಸ್ ಗೋದಲಿ. ಹೀಗೆ ನಾಲ್ಕು ವರ್ಷ ಹೋಯಿತು.

ಕಳೆದ ತಪಸ್ಸುಕಾಲದ ಒಂದು ಭಾನುವಾರ ನಮ್ಮ ಹಿರಿಯ ವಾಚಕರು ಹುಷಾರಿಲ್ಲದೆ ಪೂಜೆಗೆ ಬರಲಿಲ್ಲ. ಒಬ್ಬ ಹುಡುಗ ಕನ್ನಡ ವಾಚನವನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡು ಓದಿದ. ಪಾಪ, ಅವನ ತಪ್ಪಲ್ಲ. ‘ಬಲ’, ‘ಫಲ’ ಎರಡನ್ನೂ ಆ ಅಕ್ಷರದಲ್ಲಿ ಒಂದೇ ರೀತಿ ಬರೆಯಬೇಕು. ಅರ್ಧ ವಾಕ್ಯ ಜನರಿಗೆ ತಿಳಿಯಲಿಲ್ಲ. ಪೂಜೆ ಮುಗಿದ ಮೇಲೆ ಅಕ್ಕ ಹೇಳಿದರು: “ಆಗಲೇ ಶುರು ಮಾಡಿದ್ದಿದ್ರೆ ಇವತ್ತು ನಾನೇ ಓದ್ತಿದ್ನೇನೋ ತಮ್ಮಾ. ಈಗ ಕಣ್ಣೂ ಮಂಜು.” ನನ್ನಲ್ಲಿ ಉತ್ತರವಿರಲಿಲ್ಲ.

1. ‘ಹೋಗುತ್ತೇನೆ’ ಎಂದ ಮಗ

ಯೇಸುಸ್ವಾಮಿ ಹೇಳಿದ ಸಾಮತಿಯಲ್ಲಿ ತಂದೆ ಇಬ್ಬರು ಮಕ್ಕಳನ್ನು ದ್ರಾಕ್ಷಿತೋಟದ ಕೆಲಸಕ್ಕೆ ಕರೆಯುತ್ತಾನೆ. ಒಬ್ಬ ಒಲ್ಲೆ ಎನ್ನುತ್ತಾನೆ, ಆಮೇಲೆ ಮನಸ್ಸು ಬದಲಾಯಿಸಿ ಹೋಗುತ್ತಾನೆ. ಇನ್ನೊಬ್ಬ ಮರ್ಯಾದೆಯಿಂದ ಒಪ್ಪಿಕೊಳ್ಳುತ್ತಾನೆ, ಹೋಗುವುದಿಲ್ಲ. ತಂದೆಯ ಕರೆಯಲ್ಲಿ ‘ಇಂದು’ ಎಂಬ ಮಾತಿದೆ ಎಂಬುದನ್ನು ಗಮನಿಸಿ. ಎರಡನೆಯ ಮಗ ತಂದೆಗೆ ಎದುರು ಮಾತಾಡಲಿಲ್ಲ, ಬಹುಶಃ ತಾನು ಅವಿಧೇಯನೆಂದು ಅವನಿಗೆ ಅನಿಸಿಯೂ ಇರಲಿಕ್ಕಿಲ್ಲ. ಮುಂದೂಡುವವರ ಅಪಾಯ ಇದೇ. ಮಾತು ಕೊಟ್ಟ ತೃಪ್ತಿಯಲ್ಲಿ ಕೆಲಸ ಆಗಿಲ್ಲ ಎಂಬುದನ್ನೇ ಮರೆಯುತ್ತೇವೆ.

ರಾಜ್ಯಪಾಲ ಫೆಲಿಕ್ಸನನ್ನೂ ನೋಡಿ. ಸಂತ ಪೌಲರ ಬೋಧನೆ ಕೇಳಿ ಅವನು ಹೆದರಿದ, ಅಂದರೆ ಮಾತು ಎದೆಗೆ ನಾಟಿತ್ತು. ಆದರೂ ಸಮಯ ಸಿಕ್ಕಾಗ ಮತ್ತೆ ಕರೆಸುತ್ತೇನೆಂದು ಕಳಿಸಿಬಿಟ್ಟ. ಆಮೇಲೆ ಪದೇ ಪದೇ ಕರೆಸಿ ಮಾತಾಡಿದ, ಲಂಚದ ಆಸೆಯೂ ಅವನಿಗಿತ್ತು. ಆ ನಿರ್ಧಾರ ಮಾತ್ರ ಬರಲೇ ಇಲ್ಲ. ಎರಡು ವರ್ಷ ಕಳೆದು ಅವನು ಅಧಿಕಾರ ಬಿಟ್ಟು ಹೋದಾಗಲೂ ಪೌಲರು ಸೆರೆಯಲ್ಲೇ ಇದ್ದರು. ಒಬ್ಬನು ಮುಂದೂಡಿದ್ದಕ್ಕೆ ಇನ್ನೊಬ್ಬರು ಬೆಲೆ ತೆತ್ತರು. ಅಕ್ಕನ ಮಾತು ಕೇಳಿದ ದಿನ ನನಗೆ ಈ ಭಾಗವೇ ನೆನಪಾಯಿತು.

2. ತಡೆ ಒಳ್ಳೆಯ ವೇಷದಲ್ಲಿ ಬರುತ್ತದೆ

ನಮ್ಮ ಹಳ್ಳಿಗಳಲ್ಲಿ ಇನ್ನಾಸಪ್ಪ ಎಂಬ ಹೆಸರಿನ ಹಿರಿಯರಿದ್ದಾರೆ. ಆ ಹೆಸರು ಲೊಯೊಲಾದ ಸಂತ ಇನ್ನಾಸಿಯವರದು. ಅವರ ಹಬ್ಬ ಜುಲೈ 31. ಅವರು 1491ರಲ್ಲಿ ಸ್ಪೇನಿನ ಬಾಸ್ಕ್ ಸೀಮೆಯಲ್ಲಿ ಹುಟ್ಟಿದರು. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡು ತಗಲಿ ಕಾಲು ಮುರಿದದ್ದು, ಹಾಸಿಗೆ ಹಿಡಿದಾಗ ಮನಪರಿವರ್ತನೆಯಾದದ್ದು ಎಲ್ಲರಿಗೂ ಗೊತ್ತು. ಆಮೇಲೆ ನಡೆದ ಒಂದು ಚಿಕ್ಕ ಘಟನೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ಆತ್ಮಗಳಿಗೆ ನೆರವಾಗಬೇಕಾದರೆ ಓದು ಬೇಕೆಂದು ಅರಿತು ಅವರು 1524ರಲ್ಲಿ ಬಾರ್ಸಿಲೋನಾದಲ್ಲಿ ಲ್ಯಾಟಿನ್ ವ್ಯಾಕರಣ ಕಲಿಯಲು ಕುಳಿತರು. ಆಗ ಅವರಿಗೆ 33 ವರ್ಷ, ಚಿಕ್ಕ ಹುಡುಗರು ಕಲಿಯುವ ಪಾಠ. ಬಾಯಿಪಾಠ ಮಾಡಲು ತೊಡಗಿದೊಡನೆ ಅವರ ಮನಸ್ಸಿಗೆ ದೇವರ ವಿಷಯದಲ್ಲಿ ಹೊಸ ಹೊಸ ತಿಳಿವು, ಸಿಹಿಯಾದ ಭಕ್ತಿ ಉಕ್ಕಿ ಬರುತ್ತಿತ್ತು. ಪಾಠ ತಲೆಗೆ ಹತ್ತುತ್ತಿರಲಿಲ್ಲ. ಆ ಯೋಚನೆಗಳನ್ನು ಎಷ್ಟು ತಳ್ಳಿದರೂ ಹೋಗುತ್ತಿರಲಿಲ್ಲ.

ಅವರು ಕೂತು ಪರಿಶೀಲಿಸಿದರು. ಪ್ರಾರ್ಥನೆ ಮಾಡುವಾಗ, ಬಲಿಪೂಜೆಯಲ್ಲಿರುವಾಗ ಇಷ್ಟು ಬೆಳಕು ಬರುವುದಿಲ್ಲ, ಪುಸ್ತಕ ತೆರೆದಾಗಲೇ ಏಕೆ ಬರುತ್ತದೆ? ಇದು ಶೋಧನೆ ಎಂದು ಅವರಿಗೆ ಹೊಳೆಯಿತು. ಕೆಟ್ಟ ಯೋಚನೆಯಾಗಿದ್ದರೆ ಅವರು ಕೂಡಲೇ ಗುರುತಿಸುತ್ತಿದ್ದರು. ಬಂದದ್ದು ಭಕ್ತಿಯ ವೇಷದಲ್ಲಿ.

ನನ್ನ ನೆಪಗಳನ್ನು ಮತ್ತೊಮ್ಮೆ ನೋಡಿ: ಈಸ್ಟರ್, ಪರಮಪ್ರಸಾದ, ಮಾತೆಯ ಹಬ್ಬ, ಗೋದಲಿ. ಎಲ್ಲವೂ ದೇವರ ಕೆಲಸವೇ. ನನ್ನನ್ನು ಯಾರೂ ಸೋಮಾರಿ ಎನ್ನುವಂತಿರಲಿಲ್ಲ. ನಮ್ಮ ಮನೆಗಳಲ್ಲೂ ಹೀಗೆಯೇ. ಕುಡಿತ ಬಿಡಬೇಕೆಂದವರು ‘ತಂಗಿಯ ಮದುವೆ ಮುಗಿಯಲಿ’ ಎನ್ನುತ್ತಾರೆ. ನಿಂತ ಓದು ಮುಂದುವರಿಸಬೇಕೆಂದ ತಾಯಿ ‘ಮಕ್ಕಳ ಪರೀಕ್ಷೆ ಮುಗಿಯಲಿ’ ಎನ್ನುತ್ತಾರೆ. ಮಾತು ಬಿಟ್ಟ ಅಣ್ಣತಮ್ಮಂದಿರು ‘ಸಮಯ ಬರಲಿ’ ಎನ್ನುತ್ತಾರೆ. ನೆಪ ಒಳ್ಳೆಯದಾದಷ್ಟೂ ಅದು ಹೆಚ್ಚು ಕಾಲ ಬದುಕುತ್ತದೆ.

3. ಸಂತ ಇನ್ನಾಸಿಯವರು ಮಾಡಿದ್ದೇನು?

ಅವರು ಒಬ್ಬರೇ ಕುಳಿತು ಮನಸ್ಸಿನೊಡನೆ ಗುದ್ದಾಡಲಿಲ್ಲ. ತಮ್ಮ ಗುರುವನ್ನು ಹತ್ತಿರದ ಸಾಂತಾ ಮರಿಯಾ ದೆಲ್ ಮಾರ್ ದೇವಾಲಯಕ್ಕೆ ಕರೆದರು. ನಡೆದದ್ದನ್ನೆಲ್ಲ ಬಿಚ್ಚಿ ಹೇಳಿ, ಊರಲ್ಲಿ ತಿನ್ನಲು ರೊಟ್ಟಿ, ಕುಡಿಯಲು ನೀರು ಸಿಗುವವರೆಗೆ ಈ ಎರಡು ವರ್ಷ ನಿಮ್ಮ ಪಾಠ ತಪ್ಪಿಸುವುದಿಲ್ಲ ಎಂದು ಮಾತು ಕೊಟ್ಟರು. ಆ ಕಾಟ ಅಲ್ಲಿಗೆ ನಿಂತಿತು. ವರ್ಷಗಳ ನಂತರ ಪ್ಯಾರಿಸ್ಸಿನಲ್ಲಿ ಓದುವಾಗ ಅದೇ ತಡೆ ಮತ್ತೆ ಬಂತು. ಅವರು ಅದೇ ಮದ್ದನ್ನು ಮತ್ತೆ ಮಾಡಿದರು, ಅಲ್ಲಿನ ಗುರುವಿಗೂ ಹಾಗೆಯೇ ಮಾತು ಕೊಟ್ಟರು. 1537ರಲ್ಲಿ, 46ನೆಯ ವಯಸ್ಸಿನಲ್ಲಿ, ಅವರಿಗೆ ಗುರುದೀಕ್ಷೆಯಾಯಿತು. ಸಂತರಿಗೂ ಈ ತಡೆ ಒಮ್ಮೆ ಹೋಗಿ ಮತ್ತೆ ಬಂದಿತ್ತು ಎಂಬುದು ನಮಗೆ ಧೈರ್ಯ ಕೊಡಬೇಕು.

4. ನಾವು ಮಾಡಬಹುದಾದದ್ದು

ಹೆಸರಿಡಿ. ರಾತ್ರಿ ಆತ್ಮಶೋಧನೆಯ ಹೊತ್ತಿನಲ್ಲಿ ಕೇಳಿಕೊಳ್ಳಿ: ನಾನು ‘ನಾಳೆ ಬಾ’ ಎಂದ ಕೆಲಸ ಯಾವುದು? ನೆಪ ಯಾವುದು? ಅದು ಯಾವ ಹೊತ್ತಿಗೆ ಬರುತ್ತದೆ? ಸರಿಯಾಗಿ ಕೆಲಸಕ್ಕೆ ಕೂರುವ ಹೊತ್ತಿಗೇ ಬಂದರೆ ಅನುಮಾನಪಡಿ.

ಒಬ್ಬರಿಗೆ ಹೇಳಿ. ಗುರುಗಳಿಗೋ, ಮನೆಯವರಿಗೋ, ಸ್ನೇಹಿತರಿಗೋ. ಏನು, ಯಾವಾಗ, ಎಷ್ಟು ದಿನ ಎಂದು ಸ್ಪಷ್ಟವಾಗಿ ಮಾತು ಕೊಡಿ.

ಚಿಕ್ಕದಾಗಿ ಕತ್ತರಿಸಿ. ‘ಕನ್ನಡ ಕಲಿಯಬೇಕು’ ಎಂದರೆ ಬೆಟ್ಟ. ಕ ದಿಂದ ಳ ವರೆಗೆ ವ್ಯಂಜನ 34. ದಿನಕ್ಕೆ ಒಂದರ ಕಾಗುಣಿತ ಎಂದರೆ ಐದು ವಾರದೊಳಗಿನ ಮಾತು. ಆಮೇಲೆ ಒತ್ತಕ್ಷರ. ತಮಿಳು ಓದಿದವರಿಗೆ ಅದೇ ಕಷ್ಟ. ಅದಕ್ಕೆ ಇನ್ನಷ್ಟು ದಿನ ಕೊಡಿ.

ಸ್ವಲ್ಪ ಹೆಚ್ಚು ಮಾಡಿ. ಪ್ರಾರ್ಥನೆ ಒಣಗಿದಂತಾಗಿ ಎದ್ದುಬಿಡಬೇಕು ಅನಿಸಿದಾಗ, ಇಟ್ಟ ಹೊತ್ತಿಗಿಂತ ತುಸು ಹೆಚ್ಚೇ ಕೂರಬೇಕೆಂದು ಸಂತ ಇನ್ನಾಸಿಯವರು ಕಲಿಸಿದರು. ಕಾಲು ಗಂಟೆ ಎಂದುಕೊಂಡದ್ದನ್ನು ಮನಸ್ಸು ಹತ್ತು ನಿಮಿಷಕ್ಕೆ ಇಳಿಸಲು ನೋಡಿದರೆ ಹದಿನಾರು ನಿಮಿಷ ಮಾಡಿ.

ತಪ್ಪಿದರೆ ಮರುದಿನವೇ ಹಿಂದಿರುಗಿ. ಹೊಸ ವರ್ಷಕ್ಕೋ ಮುಂದಿನ ತಪಸ್ಸುಕಾಲಕ್ಕೋ ಕಾಯಬೇಡಿ.

ಒಂದು ಎಚ್ಚರಿಕೆ. ತಡಮಾಡುವುದೆಲ್ಲ ತಪ್ಪಲ್ಲ. ಗೋಪುರ ಕಟ್ಟುವ ಮೊದಲು ಖರ್ಚು ಲೆಕ್ಕ ಹಾಕಬೇಕೆಂದು ಪ್ರಭುವೇ ಹೇಳಿದ್ದಾರೆ (ಲೂಕ 14:28). ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು ತಮ್ಮ ಓದನ್ನು ಬದಿಗಿಟ್ಟರೆ ಅದು ಪ್ರೀತಿ. ವಾರಗಟ್ಟಲೆ ಹಾಸಿಗೆಯಿಂದ ಏಳಲು ಮನಸ್ಸಿಲ್ಲದೆ, ಯಾವುದರಲ್ಲೂ ಆಸೆಯಿಲ್ಲದೆ ಇರುವವರನ್ನು ಸೋಮಾರಿ ಎಂದು ಬೈಯಬೇಡಿ. ಅದು ಕಾಯಿಲೆ ಇರಬಹುದು, ವೈದ್ಯರ ಬಳಿ ಕರೆದುಕೊಂಡು ಹೋಗಿ.

ಕೊನೆಯದಾಗಿ, ಈ ಪುಟವನ್ನು ಓದುತ್ತಿರುವ ನಿಮಗೆ ಕನ್ನಡ ಓದಲು ಬರುತ್ತದೆ. ಪೂಜೆಯಲ್ಲಿ ನಿಮ್ಮ ಪಕ್ಕ ಕೂರುವವರಿಗೆ ಬರುತ್ತದೆಯೇ? ದೇವರ ವಾಕ್ಯವನ್ನು ನಮ್ಮ ಮಾತಿನಲ್ಲಿ ಕೇಳುವ ದಾರಿಯನ್ನು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ತೆರೆಯಿತು. ಆದರೆ ಓದಿ ಹೇಳುವವರನ್ನು ತಯಾರುಮಾಡುವುದು ನಮ್ಮ ಕೆಲಸ.

ಅಕ್ಕನಿಗೆ ಕನ್ನಡಕ ಬಂದಿದೆ. ಗುರುಗಳ ಮುಂದೆ ನಾನು ಮಾತು ಕೊಟ್ಟಿದ್ದೇನೆ: ದಿನಾ ಸಂಜೆ ಜಪಸರದ ನಂತರ ಕಾಲು ಗಂಟೆ. ಎರಡು ಸಲ ತಪ್ಪಿಸಿದ್ದೇನೆ. ಎರಡೂ ಸಲ ಮರುದಿನ ಹೋಗಿದ್ದೇನೆ. ಇದನ್ನು ಬರೆಯುವ ಹೊತ್ತಿಗೆ ಅಕ್ಕ ‘ಣ’ ದಾಟಿ ‘ತ’ಕ್ಕೆ ಬಂದಿದ್ದಾರೆ.

ಕೂಟದಲ್ಲಿ ಚರ್ಚಿಸಲು

1. ಇಬ್ಬರು ಮಕ್ಕಳಲ್ಲಿ ಈ ವಾರ ನಾನು ಯಾರಂತೆ ನಡೆದುಕೊಂಡೆ?
2. ನಾನು ಮುಂದೂಡಿದ್ದರಿಂದ ಬೇರೆ ಯಾರಾದರೂ ಬೆಲೆ ತೆತ್ತಿದ್ದಾರೆಯೇ?
3. ನನ್ನ ನೆಪಗಳಲ್ಲಿ ನೋಡಲು ಅತ್ಯಂತ ಒಳ್ಳೆಯದು ಯಾವುದು?
4. ನಾಳೆಯಲ್ಲ, ಇಂದು ರಾತ್ರಿ ಮಲಗುವ ಮೊದಲು ಯಾರಿಗೆ ಮಾತು ಕೊಡಲಿ?

ಪ್ರಾರ್ಥನೆ

ಪ್ರಭುವೇ, ನೀವು ಕರೆದಾಗ ನಾವು ಒಪ್ಪಿಕೊಂಡು ಕೂತಲ್ಲೇ ಕೂತಿದ್ದೇವೆ. ನಮ್ಮ ಬಾಗಿಲ ಮೇಲಿನ ಬರಹವನ್ನು ಒರೆಸಿರಿ. ಇಂದಿನ ಕೆಲಸಕ್ಕೆ ಬೇಕಾದಷ್ಟು ಬಲವನ್ನು ಇಂದೇ ಕೊಡಿರಿ. ಎಡವಿದರೆ ಎಬ್ಬಿಸಿರಿ. ನಾವು ಕಾಯಿಸಿದವರಲ್ಲಿ ಕ್ಷಮೆ ಕೇಳುವ ಮನಸ್ಸು ಕೊಡಿರಿ. ಆಮೆನ್.