ಕಾಲೇಜು ಬಿಡುವುದಾದರೆ ಯಾವ ತಿಂಗಳಲ್ಲಿ?

ನಮ್ಮ ಕಡೆ ಮನೆಗೆ ದುಡ್ಡು ಬರುವ ತಿಂಗಳು ಬೇರೆ, ಕಾಲೇಜಿನವರು ದುಡ್ಡು ಕೇಳುವ ತಿಂಗಳು ಬೇರೆ. ಮುಧೋಳ, ಜಮಖಂಡಿ ಭಾಗದಲ್ಲಿ ಕಬ್ಬು ನುರಿಸಲು ಶುರುವಾಗುವುದೇ ದೀಪಾವಳಿಯ ಆಸುಪಾಸು. ಕಬ್ಬು ಕಳಿಸಿದ 14 ದಿನದೊಳಗೆ ಬಿಲ್ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೂ ನಮ್ಮ ಮನೆಯಲ್ಲಿ ದುಡ್ಡು ಕೈಗೆ ಸಿಕ್ಕಿ ಲೆಕ್ಕ ಹಾಕಲು ಕೂಡುವ ಹೊತ್ತಿಗೆ ಸಂಕ್ರಾಂತಿ ಬಂದಿರುತ್ತದೆ. ಕಾಲೇಜು ಫೀ ಕಟ್ಟುವ ಜುಲೈ, ಆಗಸ್ಟಿನಲ್ಲಿ ಕಬ್ಬು ಇನ್ನೂ ಹೊಲದಲ್ಲೇ ನಿಂತಿರುತ್ತದೆ. ನನ್ನ ತವರು ಬನಹಟ್ಟಿ, ಮಗ್ಗದ ಮನೆ. ಅಲ್ಲಿ ವಾರದ ಬಟವಾಡಿ. ಒಮ್ಮೆಲೇ ಲಕ್ಷ ರೂಪಾಯಿ ಎತ್ತಿ ಕೊಡುವುದು ಅಲ್ಲಿ ಇನ್ನೂ ಕಷ್ಟ. ಹಾಗಾಗಿ ನಮ್ಮ ಈ ತಾಲ್ಲೂಕುಗಳ ಬಹಳ ಮನೆಗಳಲ್ಲಿ ಮೊದಲ ವರ್ಷದ ಫೀ ಎಂದರೆ ಬ್ಯಾಂಕಿನ ಸಾಲ, ಇಲ್ಲವೇ ಅಡವಿಟ್ಟ ಬಂಗಾರ.

ಅಂಥ ದುಡ್ಡು ಕಟ್ಟಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿಗೆ ಕಳಿಸಿದ ಮಗಳು ಮೊದಲ ಇಂಟರ್ನಲ್ಸ್ ಮುಗಿದ ರಾತ್ರಿ ಫೋನ್ ಮಾಡಿದಳು. “ಅವ್ವಾ, ನನಗ ಇಲ್ಲಿ ಆಗವಲ್ದು. ಕ್ಲಾಸಿನ್ಯಾಗ ಹೇಳೂದು ಒಂದೂ ತಿಳಿಯವಲ್ದು. ಬಾಗಲಕೋಟಿ ಕಾಲೇಜಿಗೆ ಹಾಕ್ರಿ, ದಿನಾ ಮನಿಯಿಂದ ಹೋಗಿ ಬರ್ತೀನಿ.” ಹತ್ತನೆಯ ತರಗತಿವರೆಗೆ ಕನ್ನಡದಲ್ಲೇ ಓದಿದವಳು. ಗಣಿತದಲ್ಲಿ ಹುಷಾರು. ಆದರೆ ಅಲ್ಲಿ ಗಣಿತಕ್ಕಿಂತ ಮೊದಲು ಇಂಗ್ಲಿಷಿನಲ್ಲಿ ಓಡುವ ಪಾಠದ ಬೆನ್ನು ಹತ್ತಬೇಕಿತ್ತು. ಮನೆಯವರು ಮರುದಿನವೇ ಹೋಗಿ ಕರೆದುಕೊಂಡು ಬರಲು ಸಿದ್ಧರಾದರು. ನಾನು ಎರಡು ದಿನ ತಡೆಯಿರಿ ಎಂದು ನೋಟ್‌ಬುಕ್ ತೆಗೆದೆ. ಮಗಳ ಸಂಕಟ ನನಗೆ ಸಣ್ಣದೆನಿಸಿರಲಿಲ್ಲ. ಅವಳು ಬರುವುದೇ ಆದರೆ ಯಾವಾಗ ಬಂದರೆ ಎಷ್ಟು ಹೋಗುತ್ತದೆ ಎಂಬುದು ಗೊತ್ತಾಗಬೇಕಿತ್ತು.

ಕಾಲೇಜು ಬದಲಿಸುವ ತೀರ್ಮಾನ ಒಂದೇ, ಅದರ ಬೆಲೆ ಮಾತ್ರ ತಿಂಗಳಿಂದ ತಿಂಗಳಿಗೆ ಬೇರೆ. ಫೀ ಮರಳಿಸುವ ಬಗ್ಗೆ ಯುಜಿಸಿ 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆ ನೋಡಿ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಸೀಟು ಬಿಟ್ಟರೆ ಪೂರ್ತಿ ಫೀ ವಾಪಸು, ಸಣ್ಣ ಶುಲ್ಕವೊಂದನ್ನು ಮಾತ್ರ ಕಳೆಯಬಹುದು. ಆ 15 ದಿನದ ಒಳಗಾದರೆ ಶೇಕಡ 90. ಕೊನೆಯ ದಿನ ದಾಟಿ 15 ದಿನದೊಳಗೆ 80, ತಿಂಗಳೊಳಗೆ 50, ಆಮೇಲೆ ಏನೂ ಇಲ್ಲ. ತಾಂತ್ರಿಕ ಕಾಲೇಜುಗಳಿಗೆ ಎಐಸಿಟಿಇ ನಿಯಮಗಳು ಪ್ರತ್ಯೇಕ, ಕೆಲವು ವರ್ಷ ದಿನಾಂಕಗಳೂ ಸಡಿಲಾಗುತ್ತವೆ. ಆದರೆ ದಿನ ಕಳೆದಂತೆ ವಾಪಸು ಬರುವ ದುಡ್ಡು ಕರಗುತ್ತದೆ ಎಂಬುದು ಎಲ್ಲೆಡೆ ಒಂದೇ. ನಮ್ಮ ಮಗಳು ಫೋನ್ ಮಾಡುವ ಹೊತ್ತಿಗೆ ಆ ಬಾಗಿಲು ಮುಚ್ಚಿತ್ತು. ನಡುವರ್ಷದಲ್ಲಿ ಅವಳನ್ನು ಕರೆತಂದರೆ ಲಕ್ಷದ ಆಸುಪಾಸಿನ ಫೀ ಹೋಗುತ್ತಿತ್ತು, ಸೀಟು ಹೋಗುತ್ತಿತ್ತು, ವರ್ಷವೂ ಹೋಗುತ್ತಿತ್ತು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕಾಲೇಜುಗಳ ನಡುವೆ ವರ್ಗವಾಗಲು ದಾರಿ ತೆರೆಯುವುದು ಮೊದಲ ವರ್ಷ ಮುಗಿದು ಎರಡನೆಯದು ಶುರುವಾಗುವಾಗ. ಹೋಗುವ ಕಾಲೇಜಿನಲ್ಲಿ ಸೀಟು ಖಾಲಿ ಇರಬೇಕು, ಎರಡೂ ಕಾಲೇಜಿನವರು ಒಪ್ಪಬೇಕು, ಮುಂದಿನ ವರ್ಷಕ್ಕೆ ಹೋಗುವಷ್ಟು ಪಾಸಾಗಿರಬೇಕು. ಹಾಗೆ ಬಂದರೆ ವರ್ಷ ಉಳಿಯುತ್ತದೆ, ಕಟ್ಟಿದ ಫೀಗೂ ಬೆಲೆ ಸಿಗುತ್ತದೆ. ಆದ್ದರಿಂದ ಮಗಳಿಗೆ ಹೇಳಿದೆ: “ಜುಲೈಕ್ಕ ನೀ ಹೂಂ ಅಂದ್ರ ಕರ್ಕೊಂಡು ಬರ್ತೀವಿ, ಮಾತು ಕೊಡ್ತೀನಿ. ಅಲ್ಲಿತನಕ ಪರೀಕ್ಷಾ ಒಂದೂ ಬಿಡಬ್ಯಾಡ.” ಬರಲು ದಾರಿಯಿದೆ ಎಂದು ಗೊತ್ತಾದದ್ದೇ ಅವಳ ದನಿ ಹಗುರಾಯಿತು.

ಆ ನಡುವಿನ ತಿಂಗಳುಗಳಿಗೂ ದುಡ್ಡು ತೆಗೆದಿಟ್ಟೆವು. ಇಲ್ಲಿ ನಾನು ಕೈ ಬಿಗಿ ಹಿಡಿಯಲಿಲ್ಲ, ನೀವೂ ಹಿಡಿಯಬೇಡಿ. ಪಿಜಿ ಬದಲಿಸಿ ಕಾಲೇಜಿನ ಹತ್ತಿರವೇ ಹಾಕಿದೆವು, ಬಾಡಿಗೆ ಹೆಚ್ಚಾಯಿತು, ಬಸ್ಸಿನ ಸಮಯ ಉಳಿಯಿತು. ಗಣಿತಕ್ಕೆ ಕನ್ನಡ ಬಲ್ಲ ಸೀನಿಯರ್ ಹುಡುಗಿಯೊಬ್ಬಳಿಂದ ವಾರಕ್ಕೆರಡು ದಿನ ಪಾಠ. ತಿಂಗಳಿಗೊಮ್ಮೆ ರಾತ್ರಿ ಬಸ್ಸಿಗೆ ಊರಿಗೆ. ಮರಳುವಾಗ ಕಟಕ ರೊಟ್ಟಿ, ಶೇಂಗಾ ಹಿಂಡಿ. ಇದೆಲ್ಲ ಸೇರಿದರೂ ಕಳೆದುಕೊಳ್ಳಲಿದ್ದ ಫೀಯ ಕಾಲು ಭಾಗ ಆಗಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಬಿಗಿ ಇದ್ದೆವು. ಬೇಸರವಾಯಿತೆಂದು ಹದಿನೈದು ದಿನ ಊರಲ್ಲಿ ಕೂಡುವಂತಿಲ್ಲ. ವಿಟಿಯುದಲ್ಲಿ ಶೇಕಡ 85 ಹಾಜರಾತಿ ಬೇಕು. ಹಾಜರಾತಿ ಕಡಿಮೆಯಾಗಿ ಪರೀಕ್ಷೆಗೆ ಕೂಡಲು ಆಗದಿದ್ದರೆ ವರ್ಗಾವಣೆಯ ಮಾತೇ ಇಲ್ಲ.

ಜುಲೈ ಬಂತು. ಮಗಳು ಒಂದು ಬ್ಯಾಕ್ ಇಟ್ಟುಕೊಂಡು ಮೊದಲ ವರ್ಷ ದಾಟಿದ್ದಳು, ಬಾಗಲಕೋಟೆಗೆ ಬರುತ್ತೇನೆಂಬ ಮಾತು ಬದಲಾಗಿರಲಿಲ್ಲ. ಈಗ ಅದು ಅಳುತ್ತ ಹೇಳಿದ್ದಲ್ಲ. ಮತ್ತೆ ಲೆಕ್ಕ ಹಾಕಿದೆವು. ಮೊದಲ ವರ್ಷ ಕಟ್ಟಿದ್ದನ್ನು ಲೆಕ್ಕದಲ್ಲಿ ಸೇರಿಸಲೇ ಇಲ್ಲ, ಅದು ಎಲ್ಲಿ ಓದಿದರೂ ವಾಪಸು ಬರುವುದಿಲ್ಲ. ಮುಂದಿನ ಮೂರು ವರ್ಷ ಮಾತ್ರ ನೋಡಿದೆವು. ಬೆಂಗಳೂರಿನಲ್ಲಿ ಪಿಜಿ, ಊಟ, ಓಡಾಟ ಸೇರಿ ತಿಂಗಳಿಗೆ 11,000 ರೂಪಾಯಿ. ವರ್ಷಕ್ಕೆ ಹತ್ತು ತಿಂಗಳು ಹಿಡಿದರೂ ಮೂರು ವರ್ಷಕ್ಕೆ 3,30,000. ಮನೆಯಿಂದ ಓಡಾಡಿದರೆ ಊಟ ಮನೆಯದು, 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಇನ್ನೊಂದು ಕಡೆ ಬೆಂಗಳೂರಿನ ಕಂಪನಿಗಳು, ಇಂಟರ್ನ್‌ಶಿಪ್. ಅದನ್ನು ತೂಗಿ ನೋಡಿದವಳು ಮಗಳೇ. ಕೊನೆಯ ವರ್ಷ ಇಂಟರ್ನ್‌ಶಿಪ್ಪಿಗೆ ಆರು ತಿಂಗಳು ಬೆಂಗಳೂರಿನಲ್ಲಿ ಇರಿಸುವಷ್ಟು ದುಡ್ಡನ್ನು ಈ ಉಳಿತಾಯದಿಂದ ಬೇರೆ ತೆಗೆದಿಡಬೇಕೆಂದು ಕೇಳಿದಳು. ಒಪ್ಪಿದೆವು, ಅವಳ ಹೆಸರಿಗೇ ಆರ್‌ಡಿ ಮಾಡಿಸಿದೆವು.

ಬರುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಬರಹದಲ್ಲಿ ತೆಗೆದುಕೊಂಡೆವು: ಹೊಸ ಕಾಲೇಜಿನಲ್ಲಿ ಯಾವ ಕೋಟಾದ ಫೀ, ಸಿಲಬಸ್ ಬೇರೆಯಿದ್ದರೆ ಯಾವ ವಿಷಯ ಮತ್ತೆ ಓದಬೇಕು. ಹಳೆಯದು ಸ್ವಾಯತ್ತ ಕಾಲೇಜಾಗಿದ್ದರಿಂದ ಒಂದು ವಿಷಯ ಹೆಚ್ಚಿಗೆ ಬಿತ್ತು. ಮೂಲ ಅಂಕಪಟ್ಟಿಗಳನ್ನು ಯಾವ ಕಾಲೇಜೂ ಒತ್ತೆ ಇಟ್ಟುಕೊಳ್ಳುವಂತಿಲ್ಲ. ಇದು ಆ ಯುಜಿಸಿ ಅಧಿಸೂಚನೆಯಲ್ಲೇ ಇದೆ, ಕೇಳಲು ಹೆದರಬೇಡಿ.

ಎಲ್ಲರಿಗೂ ಈ ದಾರಿ ಇಲ್ಲ. ಪಿಜಿಯಲ್ಲಿ ಮಗಳ ಕೋಣೆಯಲ್ಲಿದ್ದವಳು ಬೀಳಗಿ ಕಡೆಯ ಹುಡುಗಿ, ಆಲಮಟ್ಟಿ ಹಿನ್ನೀರಿಗೆ ಹೊಲ ಕೊಟ್ಟ ಮನೆಯವಳು. ಅವಳದು ಬೋಧನಾ ಶುಲ್ಕ ಮನ್ನಾ ಇರುವ ಹೆಚ್ಚುವರಿ (ಸೂಪರ್‌ನ್ಯೂಮರರಿ) ಸೀಟು. ಎಐಸಿಟಿಇಯ ಈ ಯೋಜನೆಯಲ್ಲಿ ಸೇರಿದವರು ಯಾವ ಕಾರಣಕ್ಕೂ ಕಾಲೇಜು ಅಥವಾ ಕೋರ್ಸ್ ಬದಲಿಸುವಂತಿಲ್ಲ. ಅವಳಿಗೆ ಮೊದಲ ವರ್ಷವೇ ಪಾಠ, ಪಿಜಿ, ಆಪ್ತ ಸಮಾಲೋಚನೆಗೆ ದುಡ್ಡು ಹಾಕುವುದೇ ಸರಿ. ಸೀಟು ಆರಿಸುವಾಗಲೇ ಈ ಮಾತು ಮನೆಯಲ್ಲಿ ಆಗಬೇಕು.

ಡಿಗ್ರಿ ಮಕ್ಕಳಿಗೆ ಹೊಸದೊಂದು ತೊಡಕು ಬಂದಿದೆ. ಮೊದಲು ಬೆಳಗಾವಿಯಲ್ಲಿ ಬಿ.ಎಸ್ಸಿ. ಸೇರಿದವರು ಜಮಖಂಡಿಗೆ ಬಂದರೆ ಎರಡೂ ಕಡೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೇ. 2023ರಲ್ಲಿ ಜಮಖಂಡಿಯಲ್ಲೇ ಬಾಗಲಕೋಟೆ ವಿಶ್ವವಿದ್ಯಾಲಯ ಶುರುವಾಯಿತು. ನಮ್ಮ ಮಕ್ಕಳಿಗೆ ಅದು ಒಳ್ಳೆಯದೇ. ಆದರೆ ನಡುವೆ ಬರುವವರಿಗೆ ಇದೀಗ ವಿಶ್ವವಿದ್ಯಾಲಯ ದಾಟಿದ ಹಾಗೆ: ಮೈಗ್ರೇಷನ್ ಸರ್ಟಿಫಿಕೇಟ್, ವಿಷಯ ಹೊಂದಾಣಿಕೆ, ಅದಕ್ಕೆ ತಗಲುವ ವಾರಗಳು. ಸರ್ಕಾರದ ವಿದ್ಯಾಸಿರಿ ಯೋಜನೆಯ ತಿಂಗಳ ದುಡ್ಡು ಬರುತ್ತಿದ್ದರೆ ಹೊಸ ಕಾಲೇಜಿನ ವಿವರ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ (ಎಸ್‌ಎಸ್‌ಪಿ) ಸರಿಯಾಗುವವರೆಗೆ ಅದಿಲ್ಲದೆ ನಡೆಸುವ ಏರ್ಪಾಡೂ ಬೇಕು.

ನನ್ನ ತಮ್ಮನ ಮಗನದು ಬೇರೆಯೇ ಕತೆ. ಅವನೂ ಎಂಜಿನಿಯರಿಂಗ್ ಸೇರಿದ್ದ. “ಅತ್ತಿ, ಕಾಲೇಜು ಚೊಲೋ ಐತ್ರಿ, ನನಗ ಈ ಓದೇ ಬ್ಯಾಡಾಗೇತಿ” ಅಂದ. ಅಂಥವನಿಗೆ ಇನ್ನೊಂದು ಎಂಜಿನಿಯರಿಂಗ್ ಕಾಲೇಜು ಹುಡುಕಿ ಪ್ರಯೋಜನವಿಲ್ಲ, ಬಿಡುವುದೇ ಸರಿ. ಆದರೆ ಅವನು ಹೇಳಿದ್ದು ಡಿಸೆಂಬರಿನಲ್ಲಿ. ಫೀಯಲ್ಲಿ ಠೇವಣಿ ಮಾತ್ರ ಮರಳಿ ಬಂತು. ಬ್ಯಾಂಕಿನಲ್ಲಿ ಒಂದೂವರೆ ಲಕ್ಷ ಸಾಲ ಎತ್ತಿಯಾಗಿತ್ತು. ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿನ ಆದಾಯದ ಮನೆಗಳಿಗೆ ಓದುವ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುವ ಯೋಜನೆಯಿದೆ, ಕೋರ್ಸನ್ನು ಅರ್ಧಕ್ಕೆ ಬಿಟ್ಟವರಿಗೆ ಮಾತ್ರ ಅದು ಸಿಗುವುದಿಲ್ಲ. ಶೇಕಡ 10ರಂತೆ ವರ್ಷಕ್ಕೆ 15,000 ಬಡ್ಡಿ ತಮ್ಮನ ಮೇಲೇ ಬಿತ್ತು. ತಮ್ಮ ಬ್ಯಾಂಕಿಗೆ ತಾನೇ ಹೋಗಿ ವಿಷಯ ಹೇಳಿ, ಉಳಿದ ಸಾಲದ ಮಂಜೂರಾತಿ ರದ್ದು ಮಾಡಿಸಿ, ಕಂತು ಶುರು ಮಾಡಿಸಿಕೊಂಡ. ಅದಕ್ಕೆ ನಾನು ಅವನನ್ನು ಮೆಚ್ಚುತ್ತೇನೆ. ಹುಡುಗ ಮರುವರ್ಷ ಜಮಖಂಡಿಯಲ್ಲಿ ಬಿ.ಎಸ್ಸಿ. ಸೇರಿದ. ಸಂಜೆ ಎರಡು ತಾಸು ಮಗ್ಗದ ಶೆಡ್ಡಿನ ಲೆಕ್ಕ ಬರೆಯುತ್ತಾನೆ, ಆ ಸಂಬಳ ನೇರವಾಗಿ ಕಂತಿಗೆ ಹೋಗುತ್ತದೆ.