ಸಹವಾಸದ ಲೆಕ್ಕ

ಕಡಲಮೀನಿನ ಅಂಗಡಿಯಲ್ಲಿ ಎಲ್ಲಕ್ಕಿಂತ ದುಬಾರಿ ಮೀನು ಯಾವುದು ಎಂದು ಯಾರಾದರೂ ಕೇಳಿದರೆ ನಾನು ನೀಲಿ ಡ್ಯಾಮ್‌ಸೆಲ್ ಕಡೆಗೆ ಕೈ ತೋರಿಸುತ್ತೇನೆ. ಹೆಬ್ಬೆರಳಿನಷ್ಟು ಉದ್ದ, ಮಿರಿಮಿರಿ ಮಿಂಚುವ ಮೈ. ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತದೆ. ಗಟ್ಟಿ ಜೀವ, ಏನು ಹಾಕಿದರೂ ತಿನ್ನುತ್ತದೆ, ಹೊಸಬರ ಹದಗೆಟ್ಟ ನೀರಿನಲ್ಲೂ ಬದುಕುತ್ತದೆ. ಆ ಕಾರಣಕ್ಕೇ ಅದು ಮೊದಲ ಮೀನಾಗಿ ಮನೆ ಸೇರುತ್ತದೆ. ಕೆಲವೇ ತಿಂಗಳಲ್ಲಿ ಬಂಡೆಯ ಒಂದು ಮೂಲೆ ಅದರ ಸ್ವಂತ ಆಸ್ತಿ. ಆಮೇಲೆ ಬಿಟ್ಟ ಮೀನು ಯಾವುದೇ ಇರಲಿ, ಅದರ ರೆಕ್ಕೆ ಹರಿಯುವವರೆಗೂ ಅಟ್ಟಿಸಿಕೊಂಡು ಹೋಗುತ್ತದೆ. ಏಟು ತಿಂದ ಮೀನು ಪಂಪಿನ ಹಿಂದೆ ಅಡಗಿ ಕೂತು ಊಟ ಬಿಡುತ್ತದೆ, ವಾರದೊಳಗೆ ಸಾಯುತ್ತದೆ.

ನನ್ನ ಸ್ನೇಹಿತರೊಬ್ಬರ ಮನೆಯಲ್ಲಿ ಹೀಗೇ ಆಯಿತು. ನಾಲ್ಕೈದು ಸಾವಿರ ಕೊಟ್ಟು ತಂದ ಮೀನುಗಳು ಒಂದಾದ ಮೇಲೊಂದು ಹೋದವು. ಡ್ಯಾಮ್‌ಸೆಲ್ ಹಿಡಿದು ತೆಗೆಯೋಣವೆಂದರೆ ಅದು ಬಲೆ ಕಂಡ ಕೂಡಲೇ ಸಂದಿಗೆ ಇಳಿಯುತ್ತದೆ. ಕೊನೆಗೆ ಬಂಡೆಗಳನ್ನೆಲ್ಲ ಎತ್ತಿ ಹೊರಗಿಡಬೇಕಾಯಿತು. ಹವಳ ಅಂಟಿಕೊಂಡಿದ್ದುದು ಆ ಬಂಡೆಗಳಿಗೇ. ಎರಡು ವರ್ಷ ಬೆಳೆಸಿದ ಹವಳ ಮುರಿದು ಬಕೆಟ್ಟಿನಲ್ಲಿ ಬಿದ್ದಿದ್ದನ್ನು ನಾನೇ ಎತ್ತಿಕೊಟ್ಟೆ. ಇಷ್ಟೆಲ್ಲ ನಷ್ಟ ಇನ್ನೂರು ರೂಪಾಯಿಯ ಮೀನಿನ ಲೆಕ್ಕಕ್ಕೇ ಸೇರಬೇಕು. ಹವಳ ಬೆಳೆಸುವ ರೀಫ್ ಟ್ಯಾಂಕ್ ಇಡಬೇಕೆಂದು ಸಲಹೆ ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಮೀನಿನ ಬೆಲೆ ಎಂದರೆ ಅದನ್ನು ಕೊಂಡ ದುಡ್ಡಲ್ಲ, ಅದರ ಸಹವಾಸದಿಂದ ಉಳಿದವಕ್ಕೆ ಆಗುವ ಖರ್ಚು.

ನನ್ನದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕ್. ಗಾಜಿನ ಅಳತೆಯಲ್ಲಿ ಸುಮಾರು 680 ಲೀಟರ್. ಇಷ್ಟು ದೊಡ್ಡದಾದ ಮೇಲೆ ಖರ್ಚಿನ ಬಹುಪಾಲು ಮೀನಿಗೆ ಹೋಗುವುದಿಲ್ಲ. ಪಂಪು, ದೀಪ, ಸ್ಕಿಮ್ಮರ್, ಬೇಸಿಗೆಯಲ್ಲಿ ಚಿಲ್ಲರ್ ಸೇರಿ ಸರಾಸರಿ 400 ವಾಟ್ ಎಂದಿಟ್ಟುಕೊಂಡರೂ ತಿಂಗಳಿಗೆ 290 ಯೂನಿಟ್ ಹತ್ತಿರ. ಗೃಹಜ್ಯೋತಿಯ ಮಿತಿ 200 ಯೂನಿಟ್. ಅಂದರೆ ಟ್ಯಾಂಕ್ ಇಟ್ಟ ಮನೆ ಶೂನ್ಯ ಬಿಲ್ಲಿನ ಆಸೆ ಬಿಡಬೇಕು. ಟ್ಯಾಂಕಿನ ಕರೆಂಟಿಗಷ್ಟೇ ಅಲ್ಲ, ಮಿತಿ ದಾಟಿದ್ದರಿಂದ ಇಡೀ ಮನೆಯ ಕರೆಂಟಿಗೂ ದುಡ್ಡು ಕಟ್ಟಬೇಕು. ಶೇಕಡಾ ಹತ್ತರಷ್ಟು ನೀರು ಬದಲಿಸಿದರೆ ಪ್ರತಿ ಸಲವೂ ಎರಡು ಕೆ.ಜಿ.ಗೂ ಹೆಚ್ಚು ಸಮುದ್ರದ ಉಪ್ಪು ಬೇಕು. ಈ ಖರ್ಚುಗಳನ್ನು ಮೊದಲೇ ಅಂದಾಜು ಮಾಡಬಹುದು, ತಿಂಗಳ ಬಜೆಟ್ಟಿನಲ್ಲಿ ಕೂರಿಸಬಹುದು. ಲೆಕ್ಕಕ್ಕೆ ಸಿಗದೆ ಜೇಬು ಖಾಲಿ ಮಾಡುವುದು ತಪ್ಪು ಜೋಡಿಯ ಮೀನುಗಳು.

ಅದಕ್ಕೆ ನಾನು ಒಂದು ಮೀನನ್ನೂ ಕೊಳ್ಳುವ ಮೊದಲು ಕೊನೆಯ ಮೀನಿನವರೆಗೆ ಪಟ್ಟಿ ಬರೆದೆ. ಹೆಸರಿನ ಮುಂದೆ ಮೂರು ಅಂಕಣ: ಪೂರ್ತಿ ಬೆಳೆದಾಗ ಎಷ್ಟು ದೊಡ್ಡದು, ಏನು ತಿನ್ನುತ್ತದೆ, ಯಾರ ಜೊತೆ ಜಗಳವಾಡುತ್ತದೆ. ಬೆಲೆಯ ಅಂಕಣ ಬೇಕೆಂದೇ ಹಾಕಲಿಲ್ಲ. ಮೊದಲ ಅಂಕಣವೊಂದರಿಂದಲೇ ಅರ್ಧ ಪಟ್ಟಿ ಅಳಿಸಿಹೋಯಿತು. 2003ರ ‘ಫೈಂಡಿಂಗ್ ನೀಮೋ’ ನೋಡಿದ ಮಕ್ಕಳೆಲ್ಲ ಕೇಳುವ ಡೋರಿ, ಅಂದರೆ ನೀಲಿ ಟ್ಯಾಂಗ್, ಅಂಗಡಿಯಲ್ಲಿ ಎರಡು ಇಂಚು ಇರುತ್ತದೆ. ಬೆಳೆದರೆ ಒಂದಡಿ ಹತ್ತಿರ. ಎಂಪರರ್ ಏಂಜೆಲ್ ಮರಿಯ ಮೈಮೇಲೆ ಕಡುನೀಲಿಯಲ್ಲಿ ಬಿಳಿ ಸುರುಳಿ. ದೊಡ್ಡದಾದಾಗ ಆ ವೇಷವೇ ಬದಲಾಗಿ ಹಳದಿ ಪಟ್ಟೆ ಬರುತ್ತದೆ, ಉದ್ದ ಒಂದಡಿ ಮೀರುತ್ತದೆ, ಹವಳ ಕಚ್ಚುವ ಚಟವೂ ಸೇರಿಕೊಳ್ಳುತ್ತದೆ. ಬೆಳೆದ ಮೀನನ್ನು ವಾಪಸು ಕೊಡಲು ಹೋದರೆ ಕೊಂಡ ಬೆಲೆಯ ಕಾಲುಭಾಗವೂ ಬರುವುದಿಲ್ಲ. ತುರ್ತಿಗೆ ಮಾರಿ ಹಣ ಮಾಡಿಕೊಳ್ಳುವ ಆಸ್ತಿ ಇದಲ್ಲ.

ಮೂರನೆಯ ಅಂಕಣದಲ್ಲಿ ತಿಳಿಯಬೇಕಾದ್ದು ಬಹಳವಿದೆ. ಹವಳದ ದಿಬ್ಬದಲ್ಲಿ ಮೀನು ಸಹಿಸದೆ ಇರುವುದು ತನ್ನಂಥದ್ದೇ ಮತ್ತೊಂದನ್ನು. ಅದೇ ಆಕಾರ, ಅದೇ ಬಣ್ಣ, ಅದೇ ಊಟ ಇದ್ದರೆ ಅದು ಎದುರಾಳಿ. ಹಳದಿ ಟ್ಯಾಂಗ್ ಇರುವಲ್ಲಿಗೆ ಅದೇ ಕುಲದ ನೇರಳೆ ಟ್ಯಾಂಗ್ ತಂದರೆ ಯುದ್ಧ ಖಚಿತ. ಟ್ಯಾಂಗುಗಳ ಬಾಲದ ಬುಡದಲ್ಲಿ ಎರಡೂ ಕಡೆ ಬ್ಲೇಡಿನಂಥ ಮುಳ್ಳಿದೆ. ಪಕ್ಕಕ್ಕೆ ಬಂದು ಬಾಲ ಬೀಸಿದರೆ ಎದುರಿನ ಮೀನಿನ ಮೈಮೇಲೆ ಉದ್ದದ ಗೀರು. ಕ್ಲೌನ್ ಮೀನಿನದು ಬೇರೆ ಕಥೆ. ಮರಿಗಳೆಲ್ಲ ಗಂಡಾಗಿ ಬೆಳೆಯುತ್ತವೆ, ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಆದ್ದರಿಂದ ಒಂದು ದೊಡ್ಡದು, ಒಂದು ಚಿಕ್ಕದು ಕೊಂಡರೆ ತಾವೇ ಜೋಡಿಯಾಗುತ್ತವೆ. ಆಮೇಲೆ ಮೂರನೆಯದನ್ನು ಅವು ಬದುಕಲು ಬಿಡುವುದು ಅಪರೂಪ.

ಇನ್ನೊಂದು ಜೋಡಿಯನ್ನು ಹತ್ತಿರದಿಂದ ನೋಡಿ ಕಲಿಯಬೇಕು. ಕೆರಿಬಿಯನ್ ಸಮುದ್ರದ ರಾಯಲ್ ಗ್ರಾಮಾ ಮುಂಭಾಗ ನೇರಳೆ, ಹಿಂಭಾಗ ಹಳದಿ, ಸಾಧು ಮೀನು. ಪೆಸಿಫಿಕ್‌ನ ರಾಯಲ್ ಡಾಟಿಬ್ಯಾಕ್ ಕೂಡ ಮುಂದೆ ನೇರಳೆ, ಹಿಂದೆ ಹಳದಿ. ಆದರೆ ತನ್ನ ಗಾತ್ರದ ಯಾರನ್ನೂ ಹತ್ತಿರ ಸೇರಿಸದ ಜಗಳಗಂಟ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಗ್ರಾಮಾದ ಮೈಯಲ್ಲಿ ಎರಡು ಬಣ್ಣ ಚುಕ್ಕಿಚುಕ್ಕಿಯಾಗಿ ಒಂದರೊಳಗೊಂದು ಕರಗುತ್ತವೆ, ಬೆನ್ನರೆಕ್ಕೆಯ ಮುಂಭಾಗದಲ್ಲಿ ಒಂದು ಕಪ್ಪು ಬೊಟ್ಟಿರುತ್ತದೆ. ಡಾಟಿಬ್ಯಾಕಿನಲ್ಲಿ ಸ್ಕೇಲ್ ಇಟ್ಟು ಗೆರೆ ಹೊಡೆದಷ್ಟು ನೇರವಾಗಿ ಬಣ್ಣ ಬದಲಾಗುತ್ತದೆ, ಬೊಟ್ಟು ಇಲ್ಲ. ಗ್ರಾಮಾ ಎಂಬ ಚೀಟಿ ಅಂಟಿಸಿದ ತೊಟ್ಟಿಯಲ್ಲಿ ಡಾಟಿಬ್ಯಾಕ್ ಈಜುತ್ತಿದ್ದುದನ್ನು ನಾನು ನೋಡಿದ್ದೇನೆ. ಚೀಟಿ ನಂಬಬೇಡಿ, ಬೊಟ್ಟು ಹುಡುಕಿ.

ಚಿಟ್ಟೆಮೀನು ಕಂಡರೆ ಯಾರಿಗಾದರೂ ಆಸೆಯಾಗುತ್ತದೆ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ನೀರಿಗಿಳಿದವರು ಅವನ್ನು ಅವುಗಳ ಮನೆಯಲ್ಲೇ ನೋಡಿರುತ್ತಾರೆ. ಹಲವು ಚಿಟ್ಟೆಮೀನುಗಳ ಆಹಾರವೇ ಹವಳ. ಅವುಗಳಿಗೆ ನೇತ್ರಾಣಿಯೇ ಸರಿ. ತಾಮ್ರಪಟ್ಟೆಯ ಕಾಪರ್‌ಬ್ಯಾಂಡ್ ಮಾತ್ರ ಹವಳದ ತಂಟೆಗೆ ಹೆಚ್ಚಾಗಿ ಹೋಗದೆ, ಕಳೆಯಂತೆ ಹಬ್ಬುವ ಐಪ್ಟೇಸಿಯಾ ಎಂಬ ಕಡಲಹೂವನ್ನು (ಅನಿಮೋನ್) ತಿನ್ನುತ್ತದೆ ಎಂದು ಹೆಸರು. ಒಮ್ಮೆ ಅಂಗಡಿಯಲ್ಲಿ ನಾನು ಅದಕ್ಕೆ ಆಹಾರ ಹಾಕಿ ತೋರಿಸಿ ಎಂದೆ. ಕರಗಿದ ಮೈಸಿಸ್ ಸಿಗಡಿ ನೀರಿಗೆ ಬಿತ್ತು. ಉಳಿದ ಮೀನು ಮುಗಿಬಿದ್ದವು. ಇದು ತನ್ನ ಉದ್ದ ಮೂತಿಯನ್ನು ಒಂದು ಚೂರಿನ ಹತ್ತಿರ ತಂದಿತು, ಕಣ್ಣು ಹೊರಳಿಸಿ ನೋಡಿತು, ಹಿಂದೆ ಸರಿಯಿತು. ಮತ್ತೊಂದು ಚೂರಿಗೂ ಹಾಗೇ. ತಲೆಯ ಹಿಂದೆ ಬೆನ್ನಿನ ಮಾಂಸ ಆಗಲೇ ಒಳಗೆ ಸರಿದಿತ್ತು. ಕೊಳ್ಳದೆ ಬಂದೆ. ಊಟ ಮಾಡುವುದನ್ನು ಕಣ್ಣಾರೆ ನೋಡದ ಮೀನಿಗೆ ನಾನು ದುಡ್ಡು ಕೊಡುವುದಿಲ್ಲ. ಈ ನಿಯಮ ನನಗೆ ಉಳಿಸಿಕೊಟ್ಟ ಹಣ ದೊಡ್ಡದು. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಲ್ಲಿ ಸಯನೈಡ್ ಸಿಂಪಡಿಸಿ ಮಂಕು ಮಾಡಿ ಹಿಡಿದ ಮೀನುಗಳು ಈ ವ್ಯಾಪಾರದಲ್ಲಿ ನುಸುಳುವುದುಂಟು. ನೋಡಲು ಚೆನ್ನಾಗಿಯೇ ಇದ್ದು ದಿನ ಕಳೆದ ಮೇಲೆ ಸಾಯುತ್ತವೆ.

ಮ್ಯಾಂಡರಿನ್ ಮೀನಿನ ಬಗ್ಗೆಯೂ ಇಷ್ಟೇ ಕಟ್ಟುನಿಟ್ಟು. ಯಾರ ಜೊತೆಗೂ ಜಗಳವಿಲ್ಲ, ಹವಳ ಮುಟ್ಟುವುದಿಲ್ಲ. ಆದರೆ ಬೆಳಗಿನಿಂದ ಸಂಜೆವರೆಗೆ ಬಂಡೆಯ ಮೇಲಿನ ಕೋಪಿಪಾಡ್ ಎಂಬ ಕಿರುಜೀವಿಗಳನ್ನು ಹೆಕ್ಕಿ ತಿನ್ನುತ್ತಲೇ ಇರಬೇಕು. ಹೊಸ ಟ್ಯಾಂಕಿನಲ್ಲಿ ಅವು ಬೇಗ ಮುಗಿದುಹೋಗಿ ಮೀನು ಸೊರಗುತ್ತದೆ. ಅದೇ ಆಹಾರ ತಿನ್ನುವ ರಾಸ್ ಮೀನು ಜೊತೆಗಿದ್ದರೆ ಇನ್ನೂ ಬೇಗ.

ಹೊಸ ಮೀನು ಯಾವುದೇ ಬರಲಿ, ತಿಂಗಳಾದರೂ ಬೇರೆ ತೊಟ್ಟಿಯಲ್ಲಿ ಇರಲೇಬೇಕು. ಬರಿ ಗಾಜಿನ ಸಣ್ಣ ತೊಟ್ಟಿ, ಸ್ಪಂಜ್ ಫಿಲ್ಟರ್, ಅಡಗಲು ಪಿವಿಸಿ ಪೈಪಿನ ತುಂಡು. ಐದಾರು ಸಾವಿರದಲ್ಲಿ ಮುಗಿಯುತ್ತದೆ. ಬಿಳಿಚುಕ್ಕಿ ರೋಗ ತರುವ ಪರಾವಲಂಬಿಗೆ ಸಾಮಾನ್ಯ ಮದ್ದು ತಾಮ್ರ. ತಾಮ್ರವನ್ನು ರೀಫ್ ಟ್ಯಾಂಕಿಗೆ ಹಾಕಿದರೆ ಸಿಗಡಿ, ಬಸವನಹುಳು, ಹವಳ ಉಳಿಯುವುದಿಲ್ಲ. ರೋಗ ಒಮ್ಮೆ ಒಳಹೊಕ್ಕರೆ ಮೀನನ್ನೆಲ್ಲ ಹೊರತೆಗೆದು ಎರಡೂವರೆ ತಿಂಗಳು ಟ್ಯಾಂಕನ್ನು ಖಾಲಿ ಬಿಡುವುದೇ ಭರವಸೆಯ ದಾರಿ. ಈ ಐದಾರು ಸಾವಿರ ನಾನು ಕಟ್ಟಿದ ವಿಮೆಗಳಲ್ಲೆಲ್ಲ ಅಗ್ಗದ್ದು.

ಎಲ್ಲಿಂದ ಬಂದ ಮೀನು ಎಂಬುದಕ್ಕೂ ದುಡ್ಡಿನ ಬೆಲೆಯಿದೆ. ತೊಟ್ಟಿಯಲ್ಲೇ ಹುಟ್ಟಿದ ಮೀನು ಒಣ ಆಹಾರಕ್ಕೆ ಒಗ್ಗಿರುತ್ತದೆ, ರೋಗವೂ ಕಡಿಮೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ತನ್ನ ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ಕ್ಲೌನ್ ಮೀನಿನ ಮರಿ ಮಾಡುವ ವಿಧಾನ ರೂಪಿಸಿ ಎಷ್ಟೋ ವರ್ಷವಾಯಿತು. ಹೀಗಿರುವಾಗ ಸಮುದ್ರದಿಂದ ಹಿಡಿದ ಕ್ಲೌನ್ ಕೊಳ್ಳಲು ಕಾರಣವೇ ಇಲ್ಲ. ಹವಳದ ವಿಷಯದಲ್ಲಿ ಕಾನೂನನ್ನೂ ಗಮನದಲ್ಲಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ ಇವೆ, ಕಡಲಕುದುರೆಯೂ ಇದೆ. ಸಮುದ್ರದಿಂದ ಕಿತ್ತ ಸತ್ತ ಹವಳದ ಬಂಡೆಯೂ ಬೇಡ. ಕಾರ್ಖಾನೆಯಲ್ಲಿ ಮಾಡಿದ ಬಂಡೆ ಆರು ತಿಂಗಳಲ್ಲಿ ನೇರಳೆ ಪಾಚಿ ಹಿಡಿದು ಅದೇ ರೂಪ ತಾಳುತ್ತದೆ. ಸರಿಯಾದ ಬಿಲ್ಲು, ದಾಖಲೆ ಕೊಡಲಾಗದ ಕಡೆ ಎಷ್ಟೇ ಅಗ್ಗವಿದ್ದರೂ ಕೊಳ್ಳಬಾರದು.

ಇನ್ನು ಬಿಡುವ ಕ್ರಮ. ಜನರಲ್ ಬೋಗಿಯಲ್ಲಿ ಮೊದಲು ಹತ್ತಿ ಕೂತವರು ಆಮೇಲೆ ಬಂದವರನ್ನು ನೋಡುವ ಹಾಗೆ ಮೀನುಗಳೂ ನೋಡುತ್ತವೆ. ಆದ್ದರಿಂದ ಸಾಧುಗಳು ಮೊದಲು, ಪುಂಡರು ಕೊನೆಗೆ. ನಾನು ಮೊದಲು ಬಿಟ್ಟದ್ದು ಬಂಗಾಯ್ ಕಾರ್ಡಿನಲ್ ಜೋಡಿ. ಗಂಡು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ವಾರಗಟ್ಟಲೆ ಉಪವಾಸವಿರುವ ಮೀನು ಅದು. ಇಂಡೋನೇಷ್ಯಾದ ಕೆಲವೇ ದ್ವೀಪಗಳ ಸುತ್ತ ಬದುಕುವ, ಈಗ ಅಳಿವಿನಂಚಿನಲ್ಲಿರುವ ಜಾತಿಯಾದ್ದರಿಂದ ತೊಟ್ಟಿಯಲ್ಲಿ ಹುಟ್ಟಿದವನ್ನೇ ಹುಡುಕಿದೆ. ಆಮೇಲೆ ಗ್ರಾಮಾ, ಫೇರಿ ರಾಸ್, ಕೊನೆಗೆ ಕ್ಲೌನ್ ಜೋಡಿ. ರಾಸ್ ಬೆಚ್ಚಿ ಹಾರುವ ಮೀನು. ಅದು ಬರುವ ಮೊದಲೇ ಟ್ಯಾಂಕಿನ ಮೇಲೆ ಜಾಲರಿ ಹಾಕಿಸಿದ್ದೆ.

ಪಟ್ಟಿಯಲ್ಲಿ ಒಂದು ಸಾಲು ಬಾಕಿಯಿದೆ: ಹಳದಿ ಟ್ಯಾಂಗ್. ಒಂದು ಕಾಲದಲ್ಲಿ ಹವಾಯಿಯಿಂದ ರಾಶಿರಾಶಿ ಬರುತ್ತಿತ್ತು. ಅಲ್ಲಿನ ಸುಪ್ರೀಂ ಕೋರ್ಟಿನ 2017ರ ತೀರ್ಪಿನಿಂದ ಶುರುವಾದ, ಅಕ್ವೇರಿಯಂ ಮೀನು ಹಿಡಿಯುವುದರ ಮೇಲಿನ ನಿರ್ಬಂಧ 2021ರ ಹೊತ್ತಿಗೆ ಇಡೀ ಹವಾಯಿಗೆ ಹಬ್ಬಿ, ಬೆಲೆ ಹಲವು ಪಟ್ಟು ಏರಿತು. 2015ರಲ್ಲಿ ಅದೇ ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್ ಈ ಮೀನನ್ನು ಮೊದಲ ಬಾರಿಗೆ ತೊಟ್ಟಿಯಲ್ಲಿ ಮೊಟ್ಟೆಯಿಂದ ಬೆಳೆಸಿತ್ತು. ಹಾಗೆ ಬೆಳೆಸಿದ್ದೇ ನನಗೆ ಬೇಕು, ಅದು ಇಲ್ಲಿಗೆ ಬರುವಾಗ ಹತ್ತಾರು ಸಾವಿರ. ಅದಕ್ಕಾಗಿ ತಿಂಗಳಿಗೆ ಎರಡು ಸಾವಿರದ ಆರ್‌.ಡಿ. ನಡೆಯುತ್ತಿದೆ. ಟ್ಯಾಂಗ್ ಬಂದ ಮೇಲೆ ಅದಕ್ಕೆ ದಿನಕ್ಕೆ ಅರ್ಧ ಹಾಳೆ ಒಣ ಕಡಲಪಾಚಿ ಬೇಕಾಗುತ್ತದೆ. ಅದನ್ನೂ ತಿಂಗಳ ಖರ್ಚಿನ ಪಟ್ಟಿಯಲ್ಲಿ ಬರೆದಿಟ್ಟಿದ್ದೇನೆ.